ನಾಟಕಕ್ಕೆ ಯಾರ ಅಪ್ಪಣೆ?

ಶೃಂಗೇರಿಯ ಹತ್ತಿರ ವೈಕುಂಠಪುರ ಎಂಬ ಊರಿದೆ. ಶಾರದಾಂಬೆಯ ದರ್ಶನಕ್ಕೆ ಬರುವ ಯಾತ್ರಿಕರಲ್ಲಿ ಹೆಚ್ಚಿನವರಿಗೆ ಅದರ ಹೆಸರೂ ಗೊತ್ತಿರುವುದಿಲ್ಲ. ಆದರೆ ಕನ್ನಡ ಚಲನಚಿತ್ರದ ಚರಿತ್ರೆಯಲ್ಲಿ ಅದಕ್ಕೊಂದು ಖಾಯಂ ಜಾಗವಿದೆ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ ಸಿನಿಮಾ ಆದಾಗ ಅದರ ಬಹುಪಾಲು ಚಿತ್ರೀಕರಣ ನಡೆದದ್ದು ಅಲ್ಲೇ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗಿನ ಕವಿ. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ನಿರ್ದೇಶಕರ ಪತ್ನಿ ಸ್ನೇಹಲತಾ ರೆಡ್ಡಿ. ಈ ಮೂವರೂ ರಂಗಭೂಮಿಯ ನಂಟುಳ್ಳವರು.

ಚಿತ್ರ 1970ರಲ್ಲಿ ಸಿದ್ಧವಾಯಿತು. ಮದರಾಸಿನ ಸೆನ್ಸಾರ್ ಮಂಡಳಿ ಅದನ್ನು ತಡೆಯಿತು. ಜಾತಿಯ ವಿಷಯ, ಜನ ಕೆರಳಬಹುದು ಎಂಬ ಆತಂಕ. ಕೊನೆಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಖಾತೆಯ ಮಟ್ಟದಲ್ಲಿ ತಡೆ ತೆರವಾಯಿತು. ತಮಾಷೆ ಎಂದರೆ, ಜನರಿಗೆ ತೋರಿಸಬಾರದು ಎನಿಸಿಕೊಂಡ ಅದೇ ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಭಾರತೀಯ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಸರ್ಕಾರದ ಒಂದು ಕೈ ತಡೆದದ್ದಕ್ಕೆ ಇನ್ನೊಂದು ಕೈ ಪದಕ ತೊಡಿಸಿತು!

ಸರ್ಕಾರ ಎಷ್ಟು ಕಡಿಮೆ ಇರುತ್ತದೋ ಜನಕ್ಕೆ ಅಷ್ಟು ಒಳ್ಳೆಯದು ಎಂದು ನಂಬುವವರಿದ್ದಾರೆ. ಇಂಗ್ಲಿಷ್ ಪತ್ರಿಕೆಗಳಲ್ಲಿ ಅವರನ್ನು ಲಿಬರ್ಟೇರಿಯನ್ ಎನ್ನುತ್ತಾರೆ. ಕನ್ನಡದಲ್ಲಿ ವ್ಯಕ್ತಿಸ್ವಾತಂತ್ರ್ಯವಾದಿ ಎನ್ನಬಹುದು. ಅಂಗಡಿ ಇಡಲೂ ಕಾರ್ಖಾನೆ ಕಟ್ಟಲೂ ಸರ್ಕಾರದ ಪರವಾನಗಿ ಬೇಕೆನ್ನುವ ರಾಜ್ಯಭಾರವನ್ನು ಖಂಡಿಸಿ ರಾಜಾಜಿ 1959ರಲ್ಲಿ ಕಟ್ಟಿದ ಸ್ವತಂತ್ರ ಪಕ್ಷದಲ್ಲಿ ಈ ವಿಚಾರದ ಒಂದು ಭಾರತೀಯ ರೂಪವಿತ್ತು. ಇಂಥ ವೀಕ್ಷಕನ ಕಣ್ಣಿಗೆ ‘ಸಂಸ್ಕಾರ’ದ ಪ್ರಕರಣ ಹೊಸದೇನಲ್ಲ. ಅಂಗಡಿಗೆ ಪರವಾನಗಿ ಕೊಡುವವನೇ ಆಲೋಚನೆಗೂ ಪರವಾನಗಿ ಕೊಡಲು ಕೂತಿದ್ದಾನೆ ಎಂದಷ್ಟೇ ಅವನು ಹೇಳಿಯಾನು. ನಾಟಕ ಇಷ್ಟವಾಗದವನು ಎದ್ದು ಹೋಗಬಹುದು. ಎಲ್ಲರ ಪರವಾಗಿ ಒಬ್ಬ ಅಧಿಕಾರಿ ಎದ್ದು ಹೋಗುವುದೇಕೆ?

ಈ ಪ್ರಶ್ನೆಗೆ ನಮ್ಮಲ್ಲಿ ಉದ್ದನೆಯ ಇತಿಹಾಸವಿದೆ. 1875ರ ಕೊನೆಯಲ್ಲಿ ಬ್ರಿಟನ್ನಿನ ಯುವರಾಜ ಭಾರತಕ್ಕೆ ಬಂದಿದ್ದ. ಕಲ್ಕತ್ತೆಯ ಒಬ್ಬ ದೊಡ್ಡ ಮನುಷ್ಯರು ಅವನನ್ನು ತಮ್ಮ ಮನೆಯ ಅಂತಃಪುರಕ್ಕೇ ಕರೆದೊಯ್ದು ಸತ್ಕರಿಸಿದರು. ಅದನ್ನು ಗೇಲಿ ಮಾಡಿ ಅಲ್ಲಿನ ಗ್ರೇಟ್ ನ್ಯಾಷನಲ್ ಥಿಯೇಟರ್ ಪ್ರಹಸನ ಆಡಿತು. ಸರ್ಕಾರ ಮೊದಲು ಸುಗ್ರೀವಾಜ್ಞೆ ತಂದಿತು, 1876ರಲ್ಲಿ ನಾಟಕ ಪ್ರದರ್ಶನ ಕಾಯ್ದೆಯನ್ನೇ ಮಾಡಿತು. ನೀಲಿ ತೋಟದ ದೊರೆಗಳ ದೌರ್ಜನ್ಯ ತೋರಿಸಿದ ದೀನಬಂಧು ಮಿತ್ರರ ‘ನೀಲ ದರ್ಪಣ’ ಅಷ್ಟರಲ್ಲಾಗಲೇ ಆಳುವವರ ನಿದ್ದೆ ಕೆಡಿಸಿತ್ತು. ಕಾಯ್ದೆಯಲ್ಲಿ ಒಂದು ಸ್ವಾರಸ್ಯವಿದೆ: ಧಾರ್ಮಿಕ ಉತ್ಸವಗಳಲ್ಲಿ ಆಡುವ ಜಾತ್ರೆಯಾಟಗಳಿಗೆ ಅದು ಅನ್ವಯಿಸುವುದಿಲ್ಲ ಎಂದು ಬರೆದಿತ್ತು. ದೇವರ ಹೆಸರಿನ ಆಟದಲ್ಲಿ ರಾಜಕೀಯ ಇರಲಾರದು ಎಂದು ಬಿಳಿಯ ಅಧಿಕಾರಿಗಳು ತಿಳಿದಿದ್ದರೇನೋ!

ಸ್ವಾತಂತ್ರ್ಯ ಬಂದ ಮೇಲೂ ಕಾಯ್ದೆ ಹೋಗಲಿಲ್ಲ. 1953ರಲ್ಲಿ ಲಖನೌದಲ್ಲಿ ಇಪ್ಟಾ ತಂಡ ಪ್ರೇಮಚಂದರ ‘ಈದ್‌ಗಾಹ್’ ಕಥೆಯನ್ನು ನಾಟಕವಾಗಿ ಆಡಿದಾಗ ಇದೇ ಕಾಯ್ದೆಯಡಿ ಮೊಕದ್ದಮೆ ಹೂಡಲಾಯಿತು. ಅಜ್ಜಿಯ ಕೈ ಸುಡಬಾರದೆಂದು ಜಾತ್ರೆಯ ಕಾಸಿನಲ್ಲಿ ಇಕ್ಕಳ ಕೊಳ್ಳುವ ಪುಟ್ಟ ಹುಡುಗನ ಕಥೆ ಅದು! 1956ರಲ್ಲಿ ಅಲಹಾಬಾದ್ ಹೈಕೋರ್ಟು ಈ ಕಾಯ್ದೆ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪಿತ್ತಿತು. ಆದರೂ ಕೇಂದ್ರದ ಕಾನೂನು ಪುಸ್ತಕದಿಂದ ಅದನ್ನು ತೆಗೆದುಹಾಕಲು 2018ರ ತನಕ ಕಾಯಬೇಕಾಯಿತು. ಸಿನಿಮಾದ ಮಾತು ಬೇರೆ. ಕೆ.ಎ. ಅಬ್ಬಾಸ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮುಂಚಿತ ಸೆನ್ಸಾರನ್ನು ಒಪ್ಪಿದ್ದು ‘ಸಂಸ್ಕಾರ’ದ ವರ್ಷವೇ, 1970ರಲ್ಲಿ.

ಸ್ನೇಹಲತಾ ಜೈಲಿಗೆ

ಸ್ನೇಹಲತಾ ರೆಡ್ಡಿ ಮದರಾಸಿನ ‘ಮದ್ರಾಸ್ ಪ್ಲೇಯರ್ಸ್’ ಎಂಬ ಹವ್ಯಾಸಿ ನಾಟಕ ತಂಡವನ್ನು ಕಟ್ಟಿದವರಲ್ಲಿ ಒಬ್ಬರು. ಗಂಡ ಹೆಂಡತಿ ಇಬ್ಬರೂ ಲೋಹಿಯಾರ ಅಭಿಮಾನಿಗಳು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸ್ ಈ ಕುಟುಂಬದ ಸ್ನೇಹಿತರು. 1976ರ ಮೇ 2ರಂದು ಸ್ನೇಹಲತಾ ಅವರ ಬಂಧನವಾಯಿತು.

ಆ ತಾರೀಖನ್ನು ವಿದ್ಯಾರ್ಥಿಗಳು ಇನ್ನೊಂದು ತಾರೀಖಿನ ಪಕ್ಕದಲ್ಲಿಟ್ಟು ನೋಡಬೇಕು. ಅದಕ್ಕೆ ನಾಲ್ಕೇ ದಿನ ಮುಂಚೆ, ಏಪ್ರಿಲ್ 28ರಂದು, ಸುಪ್ರೀಂ ಕೋರ್ಟು ಜಬಲ್‌ಪುರ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ತುರ್ತು ಪರಿಸ್ಥಿತಿಯಲ್ಲಿ ಬಂಧಿತನಾದವನು ‘ನನ್ನನ್ನೇಕೆ ಹಿಡಿದಿದ್ದೀರಿ’ ಎಂದು ಹೈಕೋರ್ಟಿಗೆ ಹೋಗುವಂತಿಲ್ಲ ಎಂಬುದು ಅದರ ಸಾರ. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು. ಆ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟೇ ಹೇಳಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ. ಅಂದರೆ ಸ್ನೇಹಲತಾ ಅವರನ್ನು ಒಳಗೆ ಹಾಕಿದ ಹೊತ್ತಿಗೆ ತಟ್ಟಲು ಬಾಗಿಲೇ ಇರಲಿಲ್ಲ.

ಅವರಿಗೆ ಉಬ್ಬಸದ ಕಾಯಿಲೆ. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ಇದ್ದರು. ಬರೋಡಾ ಡೈನಮೈಟ್ ಪ್ರಕರಣದ ಸಂಬಂಧ ಹಿಡಿದರಾದರೂ ದೋಷಾರೋಪ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ರಾತ್ರಿ ಅವರ ನರಳಾಟ ಕೇಳಿಸುತ್ತಿತ್ತೆಂದು ಅದೇ ಜೈಲಿನಲ್ಲಿದ್ದ ಮಧು ದಂಡವತೆ ನೆನೆದಿದ್ದಾರೆ. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. 18ರಂದು ಪ್ರಧಾನಿ ಲೋಕಸಭಾ ಚುನಾವಣೆ ಘೋಷಿಸಿದರು. 20ರಂದು ಸ್ನೇಹಲತಾ ತೀರಿಕೊಂಡರು. ಅವರು ಬರೆದಿಟ್ಟಿದ್ದ ಜೈಲಿನ ದಿನಚರಿ ಆಮೇಲೆ ಅಚ್ಚಾಯಿತು. ಆ ಜೈಲು ಇದ್ದ ಜಾಗ ಇಂದು ಫ್ರೀಡಂ ಪಾರ್ಕ್.

ಇಲ್ಲಿ ಗಮನಿಸಬೇಕಾದ್ದು, ಸ್ನೇಹಲತಾ ಸಮಾಜವಾದಿ. ಸರ್ಕಾರ ಬಡವರ ಪರವಾಗಿ ಇನ್ನಷ್ಟು ಕೆಲಸ ಮಾಡಬೇಕು ಎನ್ನುವ ಪಂಗಡದವರು. ಸ್ವತಂತ್ರ ಪಕ್ಷದ ಮೀನೂ ಮಸಾನಿಗೂ ಇವರಿಗೂ ಆರ್ಥಿಕ ವಿಚಾರದಲ್ಲಿ ಎಣ್ಣೆ ಸೀಗೆಕಾಯಿ. ಆದರೆ ಅದೇ 1976ರಲ್ಲಿ ಮಸಾನಿ ತಮ್ಮ ‘ಫ್ರೀಡಂ ಫಸ್ಟ್’ ಪತ್ರಿಕೆಯ ಮೇಲಿನ ಸೆನ್ಸಾರಿನ ವಿರುದ್ಧ ಬೊಂಬಾಯಿ ಹೈಕೋರ್ಟಿನಲ್ಲಿ ಹೋರಾಡಿ ಗೆದ್ದರು. ಕನ್ನಡದಲ್ಲಿ ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂದಿರುಗಿಸಿದರು. ಈ ಮೂವರನ್ನು ಒಂದೇ ಪಕ್ಷದಲ್ಲಿ ಕೂರಿಸಲು ಯಾರಿಂದಲೂ ಆಗುತ್ತಿರಲಿಲ್ಲ.

ಆದರೆ ಮಲೆನಾಡು ಮತ ಹಾಕಿದ್ದು...

ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದ 1977ರ ಚುನಾವಣೆಯಲ್ಲಿ ಕರ್ನಾಟಕ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೆ ಕೊಟ್ಟಿತು. ಮರುವರ್ಷ ನವೆಂಬರಿನಲ್ಲಿ ಚಿಕ್ಕಮಗಳೂರು ಉಪಚುನಾವಣೆ. ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಸ್ಥಾನಕ್ಕೆ ಇಂದಿರಾ ಗಾಂಧಿಯೇ ನಿಂತರು. ಎದುರಾಳಿ ವೀರೇಂದ್ರ ಪಾಟೀಲ್. ಜಾರ್ಜ್ ಫರ್ನಾಂಡಿಸ್ ಬಂದು ಇಂದಿರಾ ವಿರುದ್ಧ ಪ್ರಚಾರ ಮಾಡಿದರು. ಇಂದಿರಾ 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮತಗಳೂ ಅದೇ ಲೋಕಸಭಾ ಕ್ಷೇತ್ರದವು. ‘ಸಂಸ್ಕಾರ’ದ ಚಂದ್ರಿ ನಡೆದಾಡಿದ ಸೀಮೆ, ಆ ನಟಿಯನ್ನು ಜೈಲಿಗಟ್ಟಿದ ಪ್ರಧಾನಿಯನ್ನು ಮತ್ತೆ ದಿಲ್ಲಿಗೆ ಕಳಿಸಿಕೊಟ್ಟಿತು.

ವ್ಯಕ್ತಿಸ್ವಾತಂತ್ರ್ಯವಾದಿ ಇಲ್ಲಿ ಸ್ವಲ್ಪ ತಡವರಿಸುತ್ತಾನೆ. ಜನಕ್ಕೆ ತಿಳಿವಳಿಕೆ ಇಲ್ಲ ಎಂದುಬಿಡುವುದು ಸುಲಭ, ಆದರೆ ಸೆನ್ಸಾರ್ ಅಧಿಕಾರಿಯೂ ಅದನ್ನೇ ಹೇಳುತ್ತಾನಲ್ಲ! ಮಲೆನಾಡಿನ ಗೇಣಿದಾರನ ಲೆಕ್ಕ ಬೇರೆ ಇತ್ತು. ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ತಲೆಮಾರುಗಳಿಂದ ಒಡೆಯರ ಗದ್ದೆ ಉಳುತ್ತಿದ್ದವನು ಭೂ ನ್ಯಾಯಮಂಡಲಿಯ ಮುಂದೆ ಅರ್ಜಿ ಹಿಡಿದು ನಿಂತ. ಒಡೆಯರೆದುರು ತಲೆ ಎತ್ತಿ ಮಾತಾಡುವ ಸ್ವಾತಂತ್ರ್ಯ ಅವನಿಗೆ ಸಿಕ್ಕಿದ್ದು ಸರ್ಕಾರದ ಕೈಯಿಂದಲೇ. ಎಂಟು ತಿಂಗಳ ಜೈಲು ಅವನ ಮನೆಯ ಸುದ್ದಿಯಾಗಿರಲಿಲ್ಲ, ಪಹಣಿಯಲ್ಲಿ ಬಂದ ಹೆಸರು ಮನೆಯ ಸುದ್ದಿಯಾಗಿತ್ತು. ಒಡೆಯನೂ ಸೆನ್ಸಾರ್ ಮಾಡಬಲ್ಲ, ಊರೂ ಮಾಡಬಲ್ಲದು. ಸರ್ಕಾರವೊಂದನ್ನೇ ಕಾಣುವ ಕಣ್ಣಿಗೆ ಇದು ಬೀಳುವುದಿಲ್ಲ. ‘ಸಂಸ್ಕಾರ’ದ ಅಗ್ರಹಾರದಲ್ಲಿ ಪೊಲೀಸರೇ ಇಲ್ಲ, ಆದರೂ ಚಂದ್ರಿ ನಾರಣಪ್ಪನ ಹೆಣವನ್ನು ರಾತ್ರಿ ಗುಟ್ಟಾಗಿ ಸುಡಿಸಬೇಕಾಗುತ್ತದೆ.

ರಂಗಭೂಮಿಗೆ ಸರ್ಕಾರದ ಅನುದಾನ ಬೇಕೇ ಎಂಬ ವಿಷಯದಲ್ಲಿ ಮಾತ್ರ ಅವನ ಮಾತಿಗೆ ತೂಕವಿದೆ. ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಮ್ 1949ರಲ್ಲಿ ಹುಟ್ಟಿದಾಗ ಅದರ ಹಿಂದಿದ್ದವರು ಅಡಿಕೆ ಬೆಳೆಗಾರರ ಮಕ್ಕಳು. ಅನುದಾನಗಳು ಬಂದದ್ದು ಆಮೇಲೆ. 1985ರಲ್ಲಿ ಶುರುವಾದ ‘ತಿರುಗಾಟ’ ಊರೂರು ಸುತ್ತಿ ಮಲೆನಾಡಿನ ಮಕ್ಕಳಿಗೂ ಒಳ್ಳೆಯ ನಾಟಕ ತೋರಿಸಿತು. ಅನುದಾನ ಪಡೆದವರೆಲ್ಲ ಬಾಯಿ ಮುಚ್ಚಿಕೊಂಡರು ಎನ್ನುವುದು ಅನ್ಯಾಯದ ಮಾತು. ಆದರೆ ಮುಂದಿನ ಕಂತಿನ ಚೆಕ್ಕಿಗೆ ಕಾಯುತ್ತಿರುವ ತಂಡ ಯಾವ ನಾಟಕ ಆರಿಸಿಕೊಳ್ಳುತ್ತದೆ ಎಂಬುದನ್ನು ನೋಡಿದರೆ ಅರ್ಥವಾಗುತ್ತದೆ. ಅಲ್ಲಿ ಕತ್ತರಿ ಆಡಿಸಲು ಯಾರೂ ಬರಬೇಕಿಲ್ಲ. ವಾರ್ಷಿಕೋತ್ಸವದ ನಾಟಕದಲ್ಲಿ ‘ಈ ಮಾತು ಬೇಡ, ಮುಖ್ಯ ಅತಿಥಿಗಳು ಶಾಸಕರು’ ಎಂದು ಮಕ್ಕಳಿಂದ ಸಾಲು ಬಿಡಿಸುವ ಕಡೆಯಲ್ಲೂ ನಡೆಯುವುದು ಇದೇ. ಹದಿನೆಂಟಕ್ಕೆ ಮತ ಹಾಕಲಿರುವ ಹುಡುಗ ಹುಡುಗಿಯರ ತಂದೆತಾಯಿಗಳು ಇಂಥಲ್ಲಿ ಮೇಷ್ಟ್ರ ಪರ ನಿಲ್ಲುತ್ತಾರೋ ಮಕ್ಕಳ ಪರವೋ?

ಮಳೆಗಾಲದ ತಾಳಮದ್ದಳೆಗೆ ಇಂಥ ತೊಂದರೆ ಕಡಿಮೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತು ಕಟ್ಟುತ್ತಾರೆ. ಮಾತು ಬರೆದಿಟ್ಟ ಪ್ರತಿಯೇ ಇಲ್ಲದ ಮೇಲೆ ತಿದ್ದುವವನಿಗೆ ಕೊಡುವುದೇನನ್ನು? ವಾಲಿವಧೆಯ ಪ್ರಸಂಗದಲ್ಲಿ ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ನಿಲ್ಲಿಸಿ ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆಯಲು ನಿನಗೆ ಅಧಿಕಾರ ಕೊಟ್ಟವರಾರು? ವಾಲ್ಮೀಕಿಯ ರಾಮ ಕೊಡುವ ಉತ್ತರ ಅಪ್ಪಟ ರಾಜ್ಯಶಾಸ್ತ್ರ. ಈ ಭೂಮಿಯೆಲ್ಲ ಇಕ್ಷ್ವಾಕುಗಳದು, ಭರತನ ಆಜ್ಞೆಯಂತೆ ತಪ್ಪಿತಸ್ಥರನ್ನು ದಂಡಿಸುತ್ತಿದ್ದೇನೆ ಎನ್ನುತ್ತಾನೆ. 2006ರಲ್ಲಿ ತೀರಿಕೊಂಡ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕೂತರೆ ಆ ಉತ್ತರ ಒಂದೇ ಸಲಕ್ಕೆ ನಿಲ್ಲುತ್ತಿರಲಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ ಬೀಳುತ್ತಿತ್ತು, ರಾಮನಾಗಿ ಎದುರು ಕೂತವರು ಬೆವರಬೇಕಾಗುತ್ತಿತ್ತು.