ಅಜ್ಜಿಯ ಕಣ್ಣು, ಮೊಮ್ಮಗನ ಟವೆಲ್

ಅತ್ತೆಯ ಕಣ್ಣಿನ ಪೊರೆ ಆಪರೇಷನ್ ಸೋಮವಾರ ಎಂದು ನಿಗದಿಯಾಗಿತ್ತು. ಮೈದುನ ಬೆಂಗಳೂರಿನಿಂದ ರಜೆ ಹಾಕಿ ಬರುವವನಿದ್ದ. ನಾನೂ ಕಚೇರಿಗೆ ನಾಲ್ಕು ದಿನದ ರಜೆ ಬರೆದುಕೊಟ್ಟಿದ್ದೆ. ಶುಕ್ರವಾರ ಸಂಜೆ ಶಾಲೆಯಿಂದ ಬಂದ ಮಗ ಬಾಗಿಲಲ್ಲೇ ನಿಂತು ಕಣ್ಣುಜ್ಜುತ್ತಿದ್ದ. ನೋಡಿದರೆ ಎಡಗಣ್ಣು ಕೆಂಡದ ಹಾಗೆ ಕೆಂಪು, ರೆಪ್ಪೆ ಊದಿದೆ. ಅವನ ತರಗತಿಯಲ್ಲಿ ಆಗಲೇ ಐದು ಮಕ್ಕಳಿಗೆ ಮದ್ರಾಸ್ ಐ ಬಂದಿತ್ತು.

ನಿಜ ಹೇಳಿಬಿಡುತ್ತೇನೆ. ಆಸ್ಪತ್ರೆಗೆ ಹೇಳುವುದೇ ಬೇಡ ಎಂದು ನನಗೆ ಮೊದಲು ಅನ್ನಿಸಿತು. ಮತ್ತೆ ಎಲ್ಲರ ರಜೆ ಹೊಂದಿಸುವವರು ಯಾರು? ಕಣ್ಣು ಕೆಂಪಾಗಿರುವುದು ಮೊಮ್ಮಗನಿಗೆ, ಅಜ್ಜಿಗಲ್ಲವಲ್ಲ! ಹೀಗೆ ಸಮಾಧಾನ ಮಾಡಿಕೊಳ್ಳುತ್ತಿರುವಾಗಲೇ, ಮಗ ಮುಖ ಒರೆಸಿ ನೇತುಹಾಕಿದ್ದ ಟವೆಲನ್ನು ಅತ್ತೆ ಎತ್ತಿಕೊಂಡು ಮುಖದ ಹತ್ತಿರ ತಂದರು. ಎದೆ ಧಸಕ್ಕೆಂದಿತು. ಟವೆಲ್ ಕಿತ್ತುಕೊಂಡೆ. ಆ ರಾತ್ರಿಯೇ ಆಸ್ಪತ್ರೆಗೆ ಫೋನ್ ಮಾಡಿದೆ.

“ಹೇಳಿದ್ದು ಒಳ್ಳೇದಾಯ್ತು. ಆಪರೇಷನ್ ಮುಂದಕ್ಕೆ ಹಾಕೋಣ. ಪೊರೆ ಕಾಯುತ್ತೆ, ಸೋಂಕು ಕಾಯಲ್ಲ,” ಎಂದರು ಡಾಕ್ಟರಮ್ಮ.

ನೋಡಿದರೆ ಬರುವುದಿಲ್ಲ

“ಅಜ್ಜೀ, ನನ್ನ ಕಣ್ಣು ನೋಡ್ಬೇಡ, ನಿಂಗೂ ಬರುತ್ತೆ!” ಎಂದು ಮಗ ಕೋಣೆಯೊಳಗೆ ಅವಿತುಕೊಂಡ. ಪಾಪ, ಶಾಲೆಯಲ್ಲಿ ಯಾರೋ ಹಾಗೆ ಹೇಳಿದ್ದರು. ಮಕ್ಕಳೇ, ಇದು ಸುಳ್ಳು. ಮದ್ರಾಸ್ ಐ ಹೆಚ್ಚಾಗಿ ಅಡಿನೊವೈರಸ್ ಎಂಬ ವೈರಸ್‌ನಿಂದ ಬರುತ್ತದೆ. ಅದು ನೋಟದಿಂದ ಹಾರಿ ಬರುವುದಿಲ್ಲ. ಕೈಯಿಂದ, ಟವೆಲಿನಿಂದ, ದಿಂಬಿನಿಂದ ಬರುತ್ತದೆ. ಒಣಗಿದ ಜಾಗದಲ್ಲೂ ಅದು ಹಲವು ದಿನ ಬದುಕಿರಬಲ್ಲದು. ಕಪ್ಪು ಕನ್ನಡಕ ಬೆಳಕಿನ ಚುಚ್ಚುವಿಕೆ ತಪ್ಪಿಸುತ್ತದೆ ಅಷ್ಟೆ, ಸೋಂಕನ್ನು ತಡೆಯುವುದಿಲ್ಲ.

ನಮ್ಮ ಮನೆಯಲ್ಲಿ ಅಂದಿನಿಂದಲೇ ಹೊಸ ಕಾನೂನು ಬಂತು. ಮಗನಿಗೆ ಬೇರೆ ಟವೆಲ್, ಬೇರೆ ದಿಂಬು. ದಿಂಬಿನ ಚೀಲಕ್ಕೆ ದಿನವೂ ಬಿಸಿನೀರು, ಸೋಪು. ಅವನ ಔಷಧಿಯ ಸೀಸೆ ಬೇರೆ ಯಾರಿಗೂ ಇಲ್ಲ. ಟಿ.ವಿ. ರಿಮೋಟು, ನಲ್ಲಿ, ಬಾಗಿಲ ಹಿಡಿಕೆಗಳನ್ನು ದಿನಾ ಒರೆಸುವ ಕೆಲಸ ಯಜಮಾನರಿಗೆ. ಎಲ್ಲಕ್ಕಿಂತ ಮುಖ್ಯವಾಗಿ, ಸೋಪು ಹಚ್ಚಿ ಕನಿಷ್ಠ 20 ಸೆಕೆಂಡು ಕೈತೊಳೆಯುವುದು.

“ಇಷ್ಟಕ್ಕೆಲ್ಲ ಪ್ರಯೋಜನ ಇದೆಯಾ?” ಎಂದು ಮೈದುನ ಫೋನಿನಲ್ಲಿ ನಕ್ಕ. ಇದೆ. ಫ್ಲೂ ಜ್ವರದ ಬಗ್ಗೆ ಹಾಂಗ್‌ಕಾಂಗ್‌ನ ಸಂಶೋಧಕರು ನೂರಾರು ಮನೆಗಳಲ್ಲಿ ಪರೀಕ್ಷೆ ನಡೆಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನೆಯಲ್ಲಿ ಒಬ್ಬರಿಗೆ ಜ್ವರ ಕಾಣಿಸಿದ 36 ಗಂಟೆಯೊಳಗೆ ಉಳಿದವರೂ ಕೈತೊಳೆಯುವುದು, ಮಾಸ್ಕ್ ಹಾಕುವುದನ್ನು ಶುರುಮಾಡಿದ ಮನೆಗಳಲ್ಲಿ ಸೋಂಕು ಹರಡುವುದು ಕಡಿಮೆಯಾಗಿತ್ತು. ಫ್ಲೂ ಬೇರೆ, ಮದ್ರಾಸ್ ಐ ಬೇರೆ. ಆದರೂ ‘ಮೊದಲ ದಿನವೇ ಎಚ್ಚರ’ ಎಂಬ ಪಾಠ ಎರಡಕ್ಕೂ ಒಂದೇ.

ಒಂದು ಹನಿ ಕಂದು ಔಷಧಿ

ದೇವರ ದಯೆ, ಅತ್ತೆಗೆ ಸೋಂಕು ತಗುಲಲಿಲ್ಲ. ಮೂರು ವಾರದ ನಂತರ ಡಾಕ್ಟರಮ್ಮ ಮತ್ತೊಮ್ಮೆ ಕಣ್ಣು ಪರೀಕ್ಷಿಸಿ ಒಪ್ಪಿಗೆ ಕೊಟ್ಟರು. ಆಗ ನನ್ನ ಭಯ ಹೇಳಿಕೊಂಡೆ: ಆಪರೇಷನ್ ಆದಮೇಲೆ ಕಣ್ಣೊಳಗೆ ಸೋಂಕಾದರೆ?

ಅದು ಅಪರೂಪ, ಆದರೆ ಆದರೆ ದೃಷ್ಟಿಯೇ ಹೋಗಬಹುದು ಎಂದು ಅವರು ಮುಚ್ಚಿಡದೆ ಹೇಳಿದರು. ಅದಕ್ಕೆ ಕಾರಣ ಹೆಚ್ಚಾಗಿ ಬ್ಯಾಕ್ಟೀರಿಯಾ. ಅವು ಬರುವುದೂ ಬಹುಪಾಲು ನಮ್ಮದೇ ರೆಪ್ಪೆಯಿಂದ! ಅದಕ್ಕಾಗಿಯೇ ಆಪರೇಷನ್‌ಗೆ ಮುಂಚೆ ಕಣ್ಣಿಗೆ ಪೊವಿಡೋನ್ ಅಯೋಡಿನ್ ಹನಿ ಹಾಕುತ್ತಾರೆ. ಗಾಯಕ್ಕೆ ಹಚ್ಚುವ ಕಂದು ಬಣ್ಣದ ಔಷಧಿ ಇದೆಯಲ್ಲ, ಅದನ್ನೇ ಕಣ್ಣಿಗೆ ತಕ್ಕಂತೆ ತೆಳುವಾಗಿ ತಯಾರಿಸಿದ್ದು. ನ್ಯೂಯಾರ್ಕಿನ ಒಂದು ಆಸ್ಪತ್ರೆಯಲ್ಲಿ 8,000ಕ್ಕೂ ಹೆಚ್ಚು ಆಪರೇಷನ್‌ಗಳನ್ನು ಹೋಲಿಸಿ ನೋಡಿದ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಬೇರೆ ಹನಿ ಹಾಕಿದಲ್ಲಿ ಸೋಂಕು 10,000ಕ್ಕೆ ಸುಮಾರು 24. ಈ ಹನಿ ಹಾಕಿದಲ್ಲಿ ಸುಮಾರು 6.

ಮುಂದೆ ಯುರೋಪಿನ 24 ಕೇಂದ್ರಗಳಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಆಪರೇಷನ್ ಮುಗಿಯುವಾಗ ಕಣ್ಣೊಳಗೇ ಆ್ಯಂಟಿಬಯಾಟಿಕ್ ಹಾಕಿದರೆ ಸೋಂಕು ಸುಮಾರು ಐದು ಪಟ್ಟು ಕಡಿಮೆಯಾಗುತ್ತದೆ ಎಂದು ಕಂಡುಬಂತು. ಲಾಭ ಅಷ್ಟು ಸ್ಪಷ್ಟವಾಗಿದ್ದುದರಿಂದ 2006ರಲ್ಲಿ ಹೊಸ ರೋಗಿಗಳನ್ನು ಸೇರಿಸುವುದನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ನಮ್ಮ ಪಕ್ಕದ ಮಧುರೈಯ ಅರವಿಂದ ಕಣ್ಣಿನ ಆಸ್ಪತ್ರೆ ಸಮೂಹದ ವೈದ್ಯರು ಸುಮಾರು 6 ಲಕ್ಷ ಆಪರೇಷನ್‌ಗಳ ಲೆಕ್ಕ ತೆಗೆದು 2017ರಲ್ಲಿ ಪ್ರಕಟಿಸಿದರು. ಮಾಕ್ಸಿಫ್ಲಾಕ್ಸಾಸಿನ್ ಎಂಬ ಔಷಧಿಯನ್ನು ಹೀಗೆಯೇ ಕಣ್ಣೊಳಗೆ ಹಾಕಲು ಶುರುಮಾಡಿದ ಮೇಲೆ ಸೋಂಕು 10,000ಕ್ಕೆ 7ರಿಂದ 2ಕ್ಕೆ ಇಳಿದಿತ್ತು.

ಆಪರೇಷನ್ ಅರ್ಧ ಗಂಟೆಯೊಳಗೆ ಮುಗಿಯಿತು. “ನೋವು ಹೆಚ್ಚಾದರೆ, ಕೆಂಪು ಜಾಸ್ತಿಯಾದರೆ, ದೃಷ್ಟಿ ಮಂದವಾದರೆ ನಾಳೆಗೆ ಅಂತ ಕಾಯಬೇಡಿ, ಆವತ್ತೇ ಬನ್ನಿ,” ಎಂದು ಹೇಳಿ ಕಳಿಸಿದರು. ಓದುಗರಿಗೂ ನಾನು ಹೇಳುವುದು ಇದನ್ನೇ.

ಮರುದಿನ ಪಟ್ಟಿ ಬಿಚ್ಚಿದಾಗ ಮಗ ಬಾಗಿಲಲ್ಲೇ ನಿಂತಿದ್ದ. ಅತ್ತೆ ಅವನನ್ನೇ ದಿಟ್ಟಿಸಿ, “ಏನೋ ಇದು, ನಿನ್ನ ಕೆನ್ನೆ ಮೇಲೆ ಮಚ್ಚೆ ಯಾವಾಗ ಬಂತೋ?” ಎಂದರು.

“ಹುಟ್ಟಿದಾಗ್ಲೇ ಇತ್ತಜ್ಜಿ!” ಎಂದು ನಗುತ್ತಾ ಹತ್ತಿರ ಓಡಿಬಂದವನು, ಅರ್ಧ ದಾರಿಯಲ್ಲೇ ಗಕ್ಕನೆ ನಿಂತ. “ಇರು, ಕೈ ತೊಳ್ಕೊಂಡು ಬರ್ತೀನಿ.”