ಮೇಲೆ ತೊಗಟೆ ಬಣ್ಣ, ಒಳಗೆ ಕುಂಕುಮ ಕೆಂಪು: ಓಕ್ ಕಾಡಿನ ‘ಮದುಮಗಳು’ ಪತಂಗ

ರಾತ್ರಿ ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ಟ್ಯೂಬ್‌ಲೈಟ್ ಸುತ್ತ ಸುಳಿಯುವ ಪತಂಗ ಅಂದ್ರೆ ಬೂದು, ಕಂದು, ಮಂಕು ಅನ್ನೋದೇ ಹೆಚ್ಚಿನವರ ಲೆಕ್ಕ. ಯುರೋಪಿನ ಓಕ್ ಕಾಡುಗಳಲ್ಲಿರುವ ‘ಡಾರ್ಕ್ ಕ್ರಿಮ್ಸನ್ ಅಂಡರ್‌ವಿಂಗ್’ ಪತಂಗದ ಮಟ್ಟಿಗೆ ಈ ಲೆಕ್ಕ ಅರ್ಧ ಮಾತ್ರ ಸರಿ.

ಹಗಲೆಲ್ಲ ಇದು ಓಕ್ ಮರದ ಕಾಂಡಕ್ಕೆ ಅಂಟಿಕೊಂಡು ಮಲಗುತ್ತದೆ. ಮುಂದಿನ ಜೋಡಿ ರೆಕ್ಕೆ ಥೇಟ್ ತೊಗಟೆಯ ಹಾಗೇ ಇರೋದ್ರಿಂದ ಹತ್ತಿರ ನಿಂತರೂ ಕಾಣೋದಿಲ್ಲ. ಅಕಸ್ಮಾತ್ ಹಕ್ಕಿಯೊಂದು ಕುಕ್ಕಲು ಬಂತು ಅನ್ನಿ, ಮುಂದಿನ ರೆಕ್ಕೆ ಸರಿದು ಹಿಂದಿನ ರೆಕ್ಕೆಗಳು ಬಿಚ್ಚಿಕೊಳ್ಳುತ್ತವೆ. ಕಡುಗೆಂಪು, ಅದರ ಮೇಲೆ ಕಪ್ಪು ಪಟ್ಟಿ. ಹಕ್ಕಿ ಬೆಚ್ಚಿ ಒಂದು ಕ್ಷಣ ತಡೆಯುತ್ತದೆ. ಪತಂಗಕ್ಕೆ ಅಷ್ಟು ಸಾಕು. ಬೇರೆ ಮರಕ್ಕೆ ಹಾರಿ ರೆಕ್ಕೆ ಮುಚ್ಚಿದರೆ ಮತ್ತೆ ತೊಗಟೆಯೇ. ಕೆಂಪನ್ನು ಹುಡುಕುವ ಹಕ್ಕಿಗೆ ಸಿಗೋದು ಬರೀ ಮರ.

ಲಿನ್ನೇಯಸ್ 1767ರಲ್ಲಿ ಇದಕ್ಕೆ ‘ಸ್ಪಾನ್ಸಾ’ ಅಂತ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ನಿಶ್ಚಿತಾರ್ಥವಾದ ಹುಡುಗಿ ಎಂದರ್ಥ. ಹೆಸರಿಟ್ಟವನಿಗೆ ರಸಿಕತೆ ಇತ್ತು ಅನ್ನಲೇಬೇಕು.

ಇದನ್ನು ನೋಡಬಯಸುವವರು ಮಾಡುವ ಉಪಾಯ ನಮ್ಮ ಕಿರಾಣಿ ಅಂಗಡಿಯವರಿಗೆ ಮಜಾ ಅನಿಸಬಹುದು. ಜೋನಿ ಬೆಲ್ಲದಂಥ ಕಪ್ಪು ಕಾಕಂಬಿ, ಕಂದು ಸಕ್ಕರೆ, ಬಿಯರ್ ಸೇರಿಸಿ ಕುದಿಸಿ, ಕೊನೆಗೆ ಒಂದಿಷ್ಟು ರಮ್ ಬೆರೆಸಿ, ಸಂಜೆ ಮರದ ಕಾಂಡಕ್ಕೆ ಬಳಿಯುತ್ತಾರೆ. ಕತ್ತಲಾದ ಮೇಲೆ ಪತಂಗ ತಾನಾಗಿ ಹಾಜರು.

ಆದರೆ ಪಾಕ ಬಳಿಯಲು ಮರ ಬೇಕಲ್ಲ! ಇದರ ಮರಿಹುಳು ತಿನ್ನೋದು ಓಕ್ ಎಲೆ. ತೊಗಟೆಯ ಸಂದಿನಲ್ಲಿಟ್ಟ ಮೊಟ್ಟೆ ಚಳಿಗಾಲ ಕಳೆದು, ಚಿಗುರು ಬರುವ ಹೊತ್ತಿಗೆ ಒಡೆಯುತ್ತದೆ. ಹುಳುವೂ ಅಷ್ಟೇ, ಕಲ್ಲುಹೂವು ಬೆಳೆದ ಕಡ್ಡಿಯ ವೇಷ. ಅಂದ್ರೆ ಬರೀ ಹಸಿರು ಇದ್ದರೆ ಸಾಲದು, ಓಕ್ ಮರಗಳ ಕಾಡೇ ಬೇಕು. ಬ್ರಿಟನ್ನಿನಲ್ಲಿ ಕಳೆದ ಶತಮಾನದಲ್ಲಿ ಅಂಥ ಎಷ್ಟೋ ಕಾಡು ಕಡಿದು, ಬೇಗ ಬೆಳೆಯುವ ಸೂಚಿಪರ್ಣಿ ಮರ ನೆಟ್ಟರು. ಈಗ ಅಲ್ಲಿ ಈ ಪತಂಗದ ಮುಖ್ಯ ನೆಲೆ ದಕ್ಷಿಣದ ನ್ಯೂ ಫಾರೆಸ್ಟ್ ಮತ್ತು ಅದರ ಸುತ್ತಮುತ್ತ.

ಇದೇ ಕುಟುಂಬದ ಇನ್ನೊಂದು ಪತಂಗ ನಮ್ಮ ತೋಟಗಳಲ್ಲೇ ಇದೆ. ಮೇಲೆ ಒಣಗಿದ ಎಲೆಯ ಬಣ್ಣ, ಹಿಂದಿನ ರೆಕ್ಕೆ ಕಿತ್ತಳೆ-ಹಳದಿ, ಅದೇ ಬೆಚ್ಚಿಬೀಳಿಸುವ ಆಟ. ಆದರೆ ಇದು ಸಾಧು ಅಲ್ಲ. ರಾತ್ರಿ ಹೊತ್ತು ಗಟ್ಟಿ ಸೊಂಡಿಲಿನಿಂದ ಮೋಸಂಬಿ, ದಾಳಿಂಬೆ ಹಣ್ಣಿಗೆ ಸೂಜಿಯಷ್ಟು ತೂತು ಕೊರೆದು ರಸ ಹೀರುತ್ತದೆ. ಆ ತೂತಿನಿಂದಲೇ ಹಣ್ಣು ಕೊಳೆತು ಉದುರುತ್ತದೆ. ಮರಿಹುಳು ಮಾತ್ರ ಹಣ್ಣಿನ ತಂಟೆಗೆ ಬರೋದಿಲ್ಲ, ಅದು ಬೆಳೆಯೋದು ಬೇಲಿಯ ಅಮೃತಬಳ್ಳಿಯಂಥ ಬಳ್ಳಿಗಳ ಮೇಲೆ. ಅದಕ್ಕೇ ತೋಟದ ಸುತ್ತ ಆ ಬಳ್ಳಿ ತೆಗೆಯಿರಿ, ಉದುರಿದ ಹಣ್ಣು ಆರಿಸಿ ಹೂತುಬಿಡಿ, ಕಾಯಿಗೆ ಚೀಲ ಕಟ್ಟಿ ಅಂತ ಕೃಷಿ ತಜ್ಞರು ಹೇಳೋದು.