ಸಾಲದ ಅಂಕ 'ಸ್ವಚ್ಛ' ಮಾಡಿಸಿಕೊಡುವವರು ಮತ್ತು ನಮ್ಮ ತಪ್ಪು ತಿಳಿವಳಿಕೆಗಳು

ಪೇಟೆಯಲ್ಲಿ 'ಪತ್ತು' ಎಂಬ ಮಾತಿಗೆ ಇರುವ ಬೆಲೆಯನ್ನು ನಮ್ಮ ಸದಸ್ಯರಿಗೆ ಹೇಳಬೇಕಾದ ಅಗತ್ಯವಿಲ್ಲ. ಹಿಂದೆ ಅದು ರವಿವಾರ ಪೇಟೆಯ ಸಗಟು ವ್ಯಾಪಾರಿಯ ನೆನಪಿನಲ್ಲಿರುತ್ತಿತ್ತು. ಇಂದು ಅದು ನಾಲ್ಕು ಸಾಲ ಮಾಹಿತಿ ಕಂಪನಿಗಳ ದಾಖಲೆಯಲ್ಲಿದೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಹಾಗೂ ಕ್ರಿಫ್ ಹೈಮಾರ್ಕ್. ಇವು 2005ರ ಸಾಲ ಮಾಹಿತಿ ಕಂಪನಿಗಳ ನಿಯಂತ್ರಣ ಅಧಿನಿಯಮದ ಅಡಿಯಲ್ಲಿ, ರಿಸರ್ವ್ ಬ್ಯಾಂಕಿನ ಹತೋಟಿಯಲ್ಲಿ ಕೆಲಸ ಮಾಡುತ್ತವೆ. ಅಂಕವು 300ರಿಂದ 900ರವರೆಗೆ ಇರುತ್ತದೆ.

ಅಂಕ ಕುಸಿದವರನ್ನು ಹುಡುಕಿಕೊಂಡು ಬರುವ ಮಧ್ಯವರ್ತಿಗಳು ಈಗ ಕಡಿಮೆಯಿಲ್ಲ. ಶುಲ್ಕ ಕೊಟ್ಟರೆ ಹಳೆಯ ಬಾಕಿಯ ನಮೂದನ್ನೇ ಅಳಿಸುತ್ತೇವೆ ಎನ್ನುತ್ತಾರೆ. ಇದು ಸಾಧ್ಯವಿಲ್ಲ. ಸಾಲ ನೀಡಿದ ಸಂಸ್ಥೆಯ ಒಪ್ಪಿಗೆಯಿಲ್ಲದೆ ಮಾಹಿತಿ ಕಂಪನಿಯು ಒಂದಕ್ಷರವನ್ನೂ ತಿದ್ದುವಂತಿಲ್ಲ. ನಿಜವಾದ ನಮೂದು ಉಳಿಯುತ್ತದೆ. ತಪ್ಪಾದ ನಮೂದು ಮಾತ್ರ ತಿದ್ದುಪಡಿಯಾಗುತ್ತದೆ, ಅದೂ ಉಚಿತವಾಗಿ. ನೀವು ದೂರು ಸಲ್ಲಿಸಿದ 30 ದಿನಗಳೊಳಗೆ ಅದು ಇತ್ಯರ್ಥವಾಗಬೇಕು. ಇದರಲ್ಲಿ ಸಾಲ ನೀಡಿದ ಸಂಸ್ಥೆಗೆ 21 ದಿನಗಳ ಅವಕಾಶವಿದೆ. ವಿಳಂಬವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕೆಂಬ ನಿಯಮವು 2024ರ ಏಪ್ರಿಲ್ 26ರಿಂದ ಜಾರಿಗೆ ಬಂದಿದೆ. ಆಗಲೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಹೀಗಿರುವಾಗ ಪ್ಯಾನ್, ಆಧಾರ್ ಮತ್ತು ಒಟಿಪಿಗಳನ್ನು ಅಪರಿಚಿತರ ಕೈಗೊಪ್ಪಿಸುವುದು ಗಲ್ಲೆಯ ಕೀಲಿಯನ್ನು ಒಪ್ಪಿಸಿದಂತೆಯೇ ಸರಿ.

ಎರಡನೆಯ ತಪ್ಪು ತಿಳಿವಳಿಕೆ ಇನ್ನೂ ದುಬಾರಿಯಾದುದು. 6 ಲಕ್ಷ ರೂಪಾಯಿ ಬಾಕಿಗೆ ಬ್ಯಾಂಕು 4 ಲಕ್ಷ ಪಡೆದು ರಾಜಿ ಮಾಡಿಕೊಂಡಿತೆನ್ನಿ. ಪತ್ರವೂ ಕೈಗೆ ಬಂತು, ಆದ್ದರಿಂದ ಖಾತೆ ಶುದ್ಧವಾಯಿತೆಂದು ಅನೇಕರು ಭಾವಿಸುತ್ತಾರೆ. ಆದರೆ ವರದಿಯಲ್ಲಿ ಆ ಖಾತೆ 'ಕ್ಲೋಸ್ಡ್' ಎಂದಲ್ಲ, 'ಸೆಟಲ್ಡ್' ಎಂದು ದಾಖಲಾಗುತ್ತದೆ. ಮುಂದಿನ ಬ್ಯಾಂಕಿನವರು ಅದನ್ನು 2 ಲಕ್ಷದ ನಷ್ಟವೆಂದೇ ಓದುತ್ತಾರೆ. ಮಾಹಿತಿ ಕಂಪನಿಗಳು ದಾಖಲೆಯನ್ನು ಕನಿಷ್ಠ ಏಳು ವರ್ಷ ಕಾಯ್ದಿರಿಸಬೇಕು. ಕಾರಖಾನೆ ಮುಚ್ಚಿ, ಬಡ್ಡಿ ಬೆಳೆಯುತ್ತಿದ್ದರೆ ರಾಜಿ ತಪ್ಪೆಂದು ನಾನು ಹೇಳಲಾರೆ. ಆದರೆ ಹೊಸ ಸಾಲದ ಆಸೆಯಿಂದ ರಾಜಿಗೆ ಹೋಗಬಾರದು. ಉಳಿದ ಮೊತ್ತವನ್ನು ನಂತರವಾದರೂ ತುಂಬಿ, ನಮೂದನ್ನು ಬದಲಿಸುವಂತೆ ಲಿಖಿತವಾಗಿ ಕೇಳುವುದು ಲೇಸು.

ಉದ್ಯಮಬಾಗದ ಸಣ್ಣ ಫೌಂಡ್ರಿಯಿರಲಿ, ಖಾನಾಪುರದ ಹೆಂಚಿನ ಕಾರಖಾನೆಯಿರಲಿ, ಒಡೆತನ ಏಕವ್ಯಕ್ತಿಯದಾಗಿದ್ದರೆ ಸಂಸ್ಥೆಯ ಪ್ಯಾನ್ ಮತ್ತು ಮಾಲೀಕರ ಪ್ಯಾನ್ ಒಂದೇ. 'ಅದು ಅಂಗಡಿಯ ಸಾಲ, ನನ್ನದಲ್ಲ' ಎಂಬ ವಾದ ಅಲ್ಲಿ ನಿಲ್ಲದು. ಜಾಮೀನಿನ ವಿಷಯವೂ ಇಂತಹುದೇ. 1872ರ ಭಾರತೀಯ ಕರಾರು ಅಧಿನಿಯಮದ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ, ಜಾಮೀನುದಾರರ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಬೀಗರ ಮಾತಿಗೆ ಕಟ್ಟುಬಿದ್ದು ಮಾಡಿದ ಸಹಿ ನಿಮ್ಮ ವರದಿಯಲ್ಲಿಯೂ ಕಾಣಿಸಿಕೊಳ್ಳುತ್ತದೆ. ಅವರ ಕಂತು ತಪ್ಪಿದರೆ ಪೆಟ್ಟು ನಿಮಗೂ ತಗಲುತ್ತದೆ.

ಸ್ವಂತ ವರದಿಯನ್ನು ತಾವೇ ನೋಡಿದರೆ ಅಂಕ ಇಳಿಯುತ್ತದೆಂಬುದು ಬರಿಯ ವದಂತಿ. ಹಲವು ಬ್ಯಾಂಕುಗಳಿಗೆ ಒಮ್ಮೆಲೇ ಅರ್ಜಿ ಹಾಕಿದರೆ ಇಳಿಯಬಹುದು. ಎಂದೂ ಸಾಲ ಮಾಡದವರಿಗೆ ಅಂಕವು ಉತ್ತಮವಾಗಿರುವುದಿಲ್ಲ, ಅಂಕವೇ ಇರುವುದಿಲ್ಲ. ಆದರೂ ಇತಿಹಾಸವಿಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಸಾಲದ ಅರ್ಜಿಯನ್ನು ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕು 2025ರ ಜನವರಿಯಲ್ಲಿ ತಿಳಿಸಿದೆ.

ಹಾಗಾದರೆ ಅಂಕ ಸುಧಾರಿಸುವುದು ಹೇಗೆ? ಸಿಬಿಲ್ ವರದಿಯಲ್ಲಿ 36 ತಿಂಗಳವರೆಗಿನ ಕಂತು ಪಾವತಿಯ ವಿವರ ಇರುತ್ತದೆ. ಪ್ರತಿ ತಿಂಗಳೂ ಮುದ್ದತಿಗೆ ಸರಿಯಾಗಿ ಕಂತು ಕಟ್ಟುತ್ತ ಹೋದಂತೆ ಹಳೆಯ ವಿಳಂಬಗಳ ಭಾರ ತಗ್ಗುತ್ತದೆ. ಕ್ರೆಡಿಟ್ ಕಾರ್ಡಿನ ಮಿತಿಯನ್ನು ಸದಾ ತುದಿಯವರೆಗೆ ಬಳಸುವುದನ್ನು ಬಿಡಬೇಕು. ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಮೂರು ತಿಂಗಳಿಗೊಂದರಂತೆ ತರಿಸಿಕೊಂಡರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ. ಕ್ಯಾಶ್ ಕ್ರೆಡಿಟ್ ಮಿತಿಯ ನವೀಕರಣ ಮಾರ್ಚಿನಲ್ಲಿದ್ದರೆ ಡಿಸೆಂಬರಿನಲ್ಲಿಯೇ ಒಂದು ವರದಿಯನ್ನು ತರಿಸಿ ನೋಡಿ. ತಪ್ಪು ಕಂಡುಬಂದರೆ ತಿದ್ದಿಸಲು ಕಾಲಾವಕಾಶವಿರುತ್ತದೆ.